ಇಂಜೆಕ್ಷನ್ ತೆಗೆದು ಕಾರ್ಬುರೇಟರ್ ಕೂರಿಸಿದಾಗ ನಾನು ಪಂಪ್ ಆಯ್ದುಕೊಂಡ ಬಗೆ

ಪೆಟ್ರೋಲನ್ನು ಒತ್ತಡದಲ್ಲಿ ಸಿಂಪಡಿಸುವ ಇಂಜೆಕ್ಷನ್ ಕಾರಿಗೆ, ಗಾಳಿಯ ಎಳೆತದಿಂದಲೇ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಹಾಕಿದೆ ಅಂದರೆ ಎಲ್ಲರೂ ಜೆಟ್ಟು, ಮ್ಯಾನಿಫೋಲ್ಡು, ಇಗ್ನಿಷನ್ ಬಗ್ಗೆ ಕೇಳುತ್ತಾರೆ. ಟ್ಯಾಂಕಿನಿಂದ ಪೆಟ್ರೋಲ್ ಕಳಿಸುವ ಪಂಪಿನ ಮಾತು ಬಂದರೆ ಮಾತ್ರ ಒಂದೇ ಸಲಹೆ: 'ಟ್ಯಾಂಕಲ್ಲೇ ಪಂಪ್ ಇದೆಯಲ್ಲ, ಒತ್ತಡ ಇಳಿಸೋಕೆ ಒಂದು ರೆಗ್ಯುಲೇಟರ್ ಹಾಕಿದರೆ ಆಯ್ತು.' ನಾನು ಹಾಗೆ ಮಾಡಲಿಲ್ಲ. ಟ್ಯಾಂಕಿನೊಳಗಿದ್ದ ಪಂಪನ್ನು ತೆಗೆದುಹಾಕಿ, ಕಡಿಮೆ ಒತ್ತಡದ ಎಲೆಕ್ಟ್ರಿಕ್ ಪಂಪನ್ನು ಹೊರಗೆ, ಟ್ಯಾಂಕಿನ ಪಕ್ಕದಲ್ಲೇ ಕೂರಿಸಿದೆ.

ನನ್ನದು ನಾಲ್ಕು ಸಿಲಿಂಡರಿನ, ಸುಮಾರು 100 ಹಾರ್ಸ್‌ಪವರ್‌ನ ಎಂಜಿನ್. ಕಾರ್ಬುರೇಟರ್ ವೆಬರ್ 32/36. ಇದಕ್ಕೆ ಬೇಕಾದ ಒತ್ತಡ 2.5ರಿಂದ 3.5 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎನ್ನುವ ಅಳತೆ), ಅಷ್ಟೇ. ಹೋಲಿ (Holley) ಕಂಪನಿಯಂಥವರ ದೊಡ್ಡ ಕಾರ್ಬುರೇಟರುಗಳು 5ರಿಂದ 7ರವರೆಗೆ ಕೇಳುತ್ತವೆ. ಇಂಜೆಕ್ಷನ್ ಪಂಪ್ ಕೊಡುವುದು 40ರಿಂದ 60. ಅಂದರೆ ಹತ್ತು ಪಟ್ಟಿಗೂ ಜಾಸ್ತಿ.

ಜಾಸ್ತಿ ಆದರೆ ಏನಾಗುತ್ತದೆ? ಕಾರ್ಬುರೇಟರಿನ ಬಟ್ಟಲಿನಲ್ಲಿ ಫ್ಲೋಟ್ ಇರುತ್ತದೆ. ಪೆಟ್ರೋಲ್ ಮಟ್ಟ ಏರಿದಂತೆ ಅದು ಮೇಲೆದ್ದು, ಒಂದು ಸಣ್ಣ ನೀಡಲ್ ವಾಲ್ವನ್ನು ಸೀಟಿಗೆ, ಅಂದರೆ ಪೆಟ್ರೋಲ್ ಒಳಬರುವ ರಂಧ್ರದ ಅಂಚಿಗೆ, ಒತ್ತಿ ಬಾಗಿಲು ಮುಚ್ಚುತ್ತದೆ. ಹಾಗೆ ಒತ್ತಲು ಫ್ಲೋಟಿಗೆ ಇರುವುದು ತೇಲುವ ಬಲ ಒಂದೇ. ಪಂಪಿನ ಒತ್ತಡ ಅದನ್ನು ಮೀರಿದರೆ ನೀಡಲ್ ಮುಚ್ಚುವುದೇ ಇಲ್ಲ. ಪೆಟ್ರೋಲ್ ಉಕ್ಕಿ ಮ್ಯಾನಿಫೋಲ್ಡಿಗೆ (ಸಿಲಿಂಡರುಗಳಿಗೆ ಹೋಗುವ ಗಾಳಿಕೊಳವೆಗೆ) ಇಳಿಯುತ್ತದೆ, ಸಿಲಿಂಡರ್ ಗೋಡೆಯ ಎಣ್ಣೆಯನ್ನು ತೊಳೆಯುತ್ತದೆ, ಕೊನೆಗೆ ಎಂಜಿನ್ ಆಯಿಲಿನಲ್ಲಿ ಬೆರೆಯುತ್ತದೆ. ಬಿಸಿ ಎಂಜಿನ್ ಮೇಲೆ ಚೆಲ್ಲಿದರೆ ಬೆಂಕಿ. ಇನ್ನೊಂದು ವಿಷಯ: ಸೀಟಿನ ರಂಧ್ರ ದೊಡ್ಡದಾದಷ್ಟೂ ಅದೇ ಒತ್ತಡ ನೀಡಲನ್ನು ಇನ್ನೂ ಜೋರಾಗಿ ತಳ್ಳುತ್ತದೆ. ಪೆಟ್ರೋಲ್ ಸಾಲದೇನೋ ಅಂತ ಸುಮ್ನೆ ದೊಡ್ಡ ಸೀಟ್ ಹಾಕುವವರು ಇದನ್ನು ಮರೆಯುತ್ತಾರೆ.

ಸರಿ, ಹಳೆ ಪಂಪ್ ಇಟ್ಟುಕೊಂಡು ರೆಗ್ಯುಲೇಟರಿನಿಂದ ಇಳಿಸಬಾರದಾ? ಇಳಿಸಬಹುದು. ಆದರೆ ಯಾವ ರೆಗ್ಯುಲೇಟರ್ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವ, ಒಂದು ಬಾಯಿಂದ ಒಳಗೆ ಬಂದು ಇನ್ನೊಂದರಿಂದ ಹೊರಗೆ ಹೋಗುವ ಸಾದಾ ರೆಗ್ಯುಲೇಟರುಗಳು ಕಡಿಮೆ ಒತ್ತಡದ ಪಂಪಿಗಾಗಿ ಮಾಡಿದವು. 50 ಪಿಎಸ್‌ಐ ಬಂದು ಬಡಿದರೆ ಅದರೊಳಗಿನ ತೆಳು ಪೊರೆ, ಡಯಾಫ್ರಾಮ್, ತಡೆಯುವುದಿಲ್ಲ. ಕಾರಿನಲ್ಲಿ ಮೊದಲೇ ಇದ್ದ ಇಂಜೆಕ್ಷನ್ ರೆಗ್ಯುಲೇಟರ್ ಕೂಡ ಆಗದು. ಅದರ ಸ್ಪ್ರಿಂಗ್ ಸಾಮಾನ್ಯವಾಗಿ 3 ಬಾರ್ (ಸುಮಾರು 44 ಪಿಎಸ್‌ಐ) ಆಸುಪಾಸಿಗೆ ಕೂರಿಸಿದ್ದು, ತಿರುಗಿಸಿ ಇಳಿಸಲು ಸ್ಕ್ರೂ ಇರುವುದಿಲ್ಲ. ಬೇಕಾಗುವುದು ಬೈಪಾಸ್ ಮಾದರಿ. ಹೆಚ್ಚಾದ ಪೆಟ್ರೋಲನ್ನು ಅದು ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ವಾಪಸ್ ಕಳಿಸುತ್ತದೆ.

ಅಲ್ಲಿಯೂ ಒಂದು ತೊಡಕಿದೆ. ಎದುರಿನ ಒತ್ತಡ ಇಳಿದರೆ ಪಂಪ್ ಇನ್ನೂ ಹೆಚ್ಚು ಪೆಟ್ರೋಲ್ ತಳ್ಳುತ್ತದೆ. ಎಂಜಿನ್ ಕುಡಿಯುವುದು ಅದರಲ್ಲಿ ಸ್ವಲ್ಪ. ಉಳಿದಿದ್ದೆಲ್ಲ ರಿಟರ್ನ್ ಪೈಪಿನಲ್ಲೇ ಹೋಗಬೇಕು. ಪೈಪ್ ಸಣ್ಣದಾದರೆ ಅದರಲ್ಲೇ ಒತ್ತಡ ಕಟ್ಟಿಕೊಳ್ಳುತ್ತದೆ. ರೆಗ್ಯುಲೇಟರಿನ ಸ್ಕ್ರೂ ಪೂರ್ತಿ ಸಡಿಲ ಮಾಡಿದರೂ ಒತ್ತಡದ ಗೇಜಿನ ಮುಳ್ಳು ಇಳಿಯುವುದಿಲ್ಲ. 6 ಪಿಎಸ್‌ಐ ಸಾಕು ಅನ್ನುವ ಕಾರ್ಬುರೇಟರಿಗೆ ದೊಡ್ಡ ರಿಟರ್ನ್ ಪೈಪ್ ಎಳೆದು ಹೇಗೋ ಹೊಂದಿಸಬಹುದು. 3 ಬೇಕಾದ ವೆಬರಿಗೆ ಈ ರಗಳೆ ಬೇಡ ಅನ್ನಿಸಿತು.

ಎಂಜಿನ್ನಿನ ಮೈಮೇಲೆ ಕೂರುವ ಮೆಕ್ಯಾನಿಕಲ್ ಪಂಪ್ ನನಗೆ ಇಷ್ಟವೇ. ವೈರಿಂಗ್ ಇಲ್ಲ, ಒತ್ತಡ ತಾನಾಗೇ ಕಡಿಮೆ, ಎಂಜಿನ್ ನಿಂತರೆ ಪಂಪೂ ನಿಲ್ಲುತ್ತದೆ. ಆದರೆ ಅದರ ಕೈಯನ್ನು ಆಡಿಸಲು ಕ್ಯಾಮ್‌ಶಾಫ್ಟಿನಲ್ಲಿ (ಎಂಜಿನ್ ವಾಲ್ವುಗಳನ್ನು ತೆರೆಯುವ ದಂಡ) ಅದಕ್ಕೆಂದೇ ಒಂದು ಉಬ್ಬು ಬೇಕು. ಇಂಜೆಕ್ಷನ್ ಎಂಜಿನ್ನುಗಳಲ್ಲಿ ಹೆಚ್ಚಾಗಿ ಅದು ಇರುವುದಿಲ್ಲ. ಬ್ಲಾಕಿನ ಬದಿಯಲ್ಲಿ ತಗಡು ಹಾಕಿ ಮುಚ್ಚಿದ ಜಾಗ ಕಂಡಿತು ಅಂತ ಪಂಪ್ ತರಬೇಡಿ. ತಗಡು ತೆಗೆದು, ಟಾರ್ಚ್ ಹಿಡಿದು, ಎಂಜಿನ್ ಒಂದು ಪೂರ್ತಿ ಆವರ್ತ ತಿರುಗಿಸಿ, ಒಳಗೆ ಉಬ್ಬು ಬರುತ್ತದಾ ಅಂತ ನೋಡಿ. ಕ್ಯಾಮ್ ತಿರುಗುವುದು ಕ್ರ್ಯಾಂಕಿನ (ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡ) ಅರ್ಧ ವೇಗದಲ್ಲಿ, ಹಾಗಾಗಿ ಕ್ರ್ಯಾಂಕನ್ನು ಎರಡು ಸುತ್ತು ತಿರುಗಿಸಬೇಕು. ನನ್ನದರಲ್ಲಿ ಉಬ್ಬು ಇರಲಿಲ್ಲ. ಅಲ್ಲಿಗೆ ಎಲೆಕ್ಟ್ರಿಕ್ ಪಂಪೇ ಗತಿ.

ಎಷ್ಟು ದೊಡ್ಡ ಪಂಪ್? ಲೆಕ್ಕ ಸುಲಭ. ಪೂರ್ತಿ ಥ್ರಾಟಲ್‌ನಲ್ಲಿ ಒಂದು ಹಾರ್ಸ್‌ಪವರಿಗೆ ಗಂಟೆಗೆ ಅರ್ಧ ಪೌಂಡ್, ಅಂದರೆ ಸುಮಾರು 227 ಗ್ರಾಂ ಪೆಟ್ರೋಲ್ ಅಂತ ಹಿಡಿಯುತ್ತಾರೆ. 100ಕ್ಕೆ ಸುಮಾರು 23 ಕೆಜಿ, ಲೀಟರಿನಲ್ಲಿ 31ರ ಹತ್ತಿರ. ನಿಮಿಷಕ್ಕೆ ಬರೀ ಅರ್ಧ ಲೀಟರ್! ಪಂಪಿನ ಡಬ್ಬಿ ಮೇಲೆ ಬರೆದಿರುವ ಲೀಟರ್ ಲೆಕ್ಕ ಮಾತ್ರ ಹೆಚ್ಚಾಗಿ ಎದುರು ಒತ್ತಡವೇ ಇಲ್ಲದಾಗಿನದು. ಅದಕ್ಕೇ ಎರಡರಷ್ಟಕ್ಕೂ ಮೇಲಿನ ಪಂಪ್ ತೆಗೆದುಕೊಂಡೆ. ಅದಕ್ಕಿಂತ ದೊಡ್ಡದು ಬೇಕಾಗಿಲ್ಲ.

ಮಾದರಿಯಲ್ಲಿ ಮುಖ್ಯವಾಗಿ ಎರಡು. ಟಕ್ ಟಕ್ ಅನ್ನುವ ಪ್ಲಂಜರ್ ಪಂಪು, ಗುಂಯ್ ಅನ್ನುವ ರೋಟರಿ ವೇನ್ ಪಂಪು. ರೋಟರಿ ಹೆಚ್ಚು ಹರಿಸುತ್ತದೆ, ಆದರೆ ಒಣಗಿದ್ದಾಗ ಎಳೆದುಕೊಳ್ಳಲು ಬಲು ಸೋಮಾರಿ. ಇಂಜೆಕ್ಷನ್ ಟ್ಯಾಂಕಿನಲ್ಲಿ ಇದೇ ದೊಡ್ಡ ವಿಷಯ. ಅದರ ಪೆಟ್ರೋಲ್ ಕೊಳವೆ ಸಾಮಾನ್ಯವಾಗಿ ಮೇಲ್ಭಾಗದಿಂದ ಹೊರಬರುತ್ತದೆ, ಕೆಳಗಿನಿಂದ ತಾನಾಗೇ ಇಳಿಯುವುದಿಲ್ಲ. ಪಂಪ್ ಮೊದಲು ಪೆಟ್ರೋಲನ್ನು ಟ್ಯಾಂಕಿನ ತಲೆಯವರೆಗೆ ಎತ್ತಬೇಕು. ಪ್ಲಂಜರ್ ಇದನ್ನು ಮಾಡುತ್ತದೆ. ಅದನ್ನೇ ಆರಿಸಿದೆ, ಹೆಚ್ಚೆಂದರೆ 4 ಪಿಎಸ್‌ಐ ಕೊಡುವಂಥದ್ದು. ಪಂಪನ್ನು ಆದಷ್ಟು ತಗ್ಗಿನಲ್ಲಿ ಕೂರಿಸಿದೆ. ಒಮ್ಮೆ ಪೈಪ್ ತುಂಬಿದರೆ ಸೈಫನ್ ಆಗಿ ಪೆಟ್ರೋಲ್ ತಾನೇ ಬಂದು ನಿಲ್ಲುತ್ತದೆ. ಇದರದೇ ಇನ್ನೊಂದು ಮುಖ: ಫಿಲ್ಟರ್ ಬದಲಿಸಲು ಪಂಪಿನ ಹಿಂದಿನ ಹೋಸ್ ಬಿಚ್ಚಿದರೆ ಟ್ಯಾಂಕೇ ಖಾಲಿಯಾಗುವವರೆಗೆ ಸುರಿಯಬಹುದು. ಮೊದಲು ಹೋಸ್ ಹಿಸುಕಿ ಕ್ಲಾಂಪ್ ಹಾಕಿ.

ಪಂಪ್ ಹಿಂದೆಯೇ ಇರಬೇಕು, ಎಂಜಿನ್ ಹತ್ತಿರ ಅಲ್ಲ. ಎಳೆಯುವ ಕಡೆ ಒತ್ತಡ ಬೀಳುತ್ತದೆ, ಒತ್ತಡ ಬಿದ್ದರೆ ಪೆಟ್ರೋಲ್ ಕಡಿಮೆ ಬಿಸಿಗೇ ಕುದಿಯುತ್ತದೆ. ಅದೇ ವೇಪರ್ ಲಾಕ್. ಇಂಜೆಕ್ಷನ್ನಿನಲ್ಲಿ 3 ಬಾರ್ ಒತ್ತಡ ಇದನ್ನು ಅದುಮಿ ಇಟ್ಟಿರುತ್ತಿತ್ತು. ಈಗ ಆ ಕಾವಲು ಇಲ್ಲ. ಇದೇ ಕಾರಣಕ್ಕೆ ಹಳೆಯ ರಿಟರ್ನ್ ಪೈಪನ್ನು ಮುಚ್ಚಲಿಲ್ಲ. ಕಾರ್ಬುರೇಟರ್ ಹತ್ತಿರ ಮೂರು ಬಾಯಿಯ ಫಿಲ್ಟರ್ ಹಾಕಿ, ಸಣ್ಣ ರಂಧ್ರದ ಬಾಯಿಯಿಂದ ಸ್ವಲ್ಪ ಪೆಟ್ರೋಲ್ ಸದಾ ಟ್ಯಾಂಕಿಗೆ ಮರಳುವಂತೆ ಮಾಡಿದೆ. ಆವಿಯೂ ಅಲ್ಲಿಂದಲೇ ಹೋಗುತ್ತದೆ.

ಟ್ಯಾಂಕಿನೊಳಗಿನ ಕೆಲಸಕ್ಕೆ ಜಾಸ್ತಿ ಹೊತ್ತು ಹಿಡಿಯಿತು. ಹಳೆ ಪಂಪನ್ನು ಸುಮ್ನೆ ಅಲ್ಲೇ ಬಿಟ್ಟು ಅದರ ಮೂಲಕ ಎಳೆಯೋಣ ಅನ್ನಬೇಡಿ. ನಿಂತ ಪಂಪ್ ದಾರಿಗೆ ಅಡ್ಡವೇ. ನಾನು ಪಂಪನ್ನು ಟ್ಯಾಂಕಿನೊಳಗೆ ಹಿಡಿದಿಟ್ಟಿದ್ದ ಹ್ಯಾಂಗರನ್ನು ಹೊರತೆಗೆದು, ಪಂಪ್ ಬಿಚ್ಚಿ, ಆ ಜಾಗಕ್ಕೆ ಲೋಹದ ಕೊಳವೆ ಕೂರಿಸಿ, ತುದಿಗೆ ಜಾಲರಿ ಫಿಲ್ಟರ್ ಸಿಕ್ಕಿಸಿದೆ. ತುದಿ ಮೊದಲಿದ್ದ ಆಳದಲ್ಲೇ ಇರಬೇಕು, ಇಲ್ಲದಿದ್ದರೆ ಕಾಲು ಟ್ಯಾಂಕ್ ಇರುವಾಗಲೇ ತಿರುವಿನಲ್ಲಿ ಗಾಳಿ ಎಳೆಯುತ್ತದೆ. ಒಳಗೆ ತುಂಡು ಹೋಸ್ ಬೇಕಾದರೆ ಪೆಟ್ರೋಲಿನಲ್ಲಿ ಮುಳುಗಿರಲೆಂದೇ ಮಾಡಿದ, ಜೆ30ಆರ್10 ಗುರುತಿನದನ್ನೇ ಹಾಕಿ. ಸಾದಾ ಪೆಟ್ರೋಲ್ ಹೋಸ್ ಒಳಮೈಗೆ ತಡೆಯುತ್ತದೆ, ಹೊರಮೈ ಮುಳುಗಿದರೆ ಊದಿ ಬಿರಿಯುತ್ತದೆ. ಪಂಪಿಗೆ ಹೋಗುತ್ತಿದ್ದ ವೈರನ್ನು ಟ್ಯಾಂಕಿನ ಹೊರಗೇ ಬಿಚ್ಚಿ ಮುಚ್ಚಿದೆ. ಪೆಟ್ರೋಲ್ ಮಟ್ಟ ತೋರಿಸುವ ಗೇಜಿನ ವೈರ್ ಮುಟ್ಟಲಿಲ್ಲ. ಟ್ಯಾಂಕಿಗೆ ಗಾಳಿ ಬರುವ ದಾರಿ, ಅಂದರೆ ಪೆಟ್ರೋಲ್ ಆವಿ ಹೀರುವ ಇದ್ದಿಲ ಡಬ್ಬಿಯ ಪೈಪ್, ತೆರೆದಿದೆಯಾ ಅಂತಲೂ ನೋಡಿಕೊಂಡೆ. ಅದು ಮುಚ್ಚಿದರೆ ಟ್ಯಾಂಕಿನೊಳಗೆ ನಿರ್ವಾತ ಕಟ್ಟಿ, ಎಂಥ ಪಂಪೂ ಸೋಲುತ್ತದೆ.

ಇನ್ನು ವೈರಿಂಗ್. ಇಂಜೆಕ್ಷನ್ ಕಾರಿನಲ್ಲಿ ಎಂಜಿನ್ ನಿಂತರೆ ಪಂಪನ್ನೂ ನಿಲ್ಲಿಸುವುದು ಕಂಪ್ಯೂಟರ್. ಅದನ್ನು ಕಿತ್ತ ಮೇಲೆ ಪಂಪನ್ನು ನೇರವಾಗಿ ಇಗ್ನಿಷನ್ ಕೀಗೆ ಕಟ್ಟುವವರಿದ್ದಾರೆ. ಅಪಘಾತದಲ್ಲಿ ಪೈಪ್ ಹರಿದು ಎಂಜಿನ್ ನಿಂತರೂ ಕೀ ಆನ್ ಇದ್ದಷ್ಟು ಹೊತ್ತು ಪಂಪ್ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ನಾನು ಫ್ಯೂಸು, ರಿಲೇ, ಅಪಘಾತದ ಹೊಡೆತಕ್ಕೆ ಕರೆಂಟ್ ಕಡಿಯುವ ಇನರ್ಷಿಯಾ ಸ್ವಿಚ್ಚು, ಎಂಜಿನ್ ಓಡಿ ಆಯಿಲ್ ಒತ್ತಡ ಇದ್ದಾಗ ಕರೆಂಟ್ ಬಿಡುವ ಆಯಿಲ್ ಪ್ರೆಶರ್ ಸ್ವಿಚ್ಚು ಎಲ್ಲ ಹಾಕಿದೆ. ಮೀಟರಿನ ಕೆಂಪು ದೀಪದ ಆಯಿಲ್ ಸ್ವಿಚ್ ಇದಕ್ಕೆ ಬರುವುದಿಲ್ಲ, ಅದು ಉಲ್ಟಾ: ಒತ್ತಡ ಇಲ್ಲದಾಗ ಕೂಡಿಕೊಂಡು ಕರೆಂಟ್ ಬಿಡುತ್ತದೆ. ಮೂರು ಪಿನ್ನಿನ ಸ್ವಿಚ್ ಬೇಕು. ಸ್ಟಾರ್ಟರ್ ಸುತ್ತುವಾಗ ಒಂದು ಪಿನ್ನಿನಿಂದ, ಆಯಿಲ್ ಒತ್ತಡ ಬಂದ ಮೇಲೆ ಇನ್ನೊಂದರಿಂದ ರಿಲೇಗೆ ಕರೆಂಟ್. ಎರಡು ಪಿನ್ನಿನದಕ್ಕೆ ಸ್ಟಾರ್ಟರ್ ವೈರನ್ನು ಹಾಗೇ ಸೇರಿಸಿದರೆ ಓಡುವಾಗ ಕರೆಂಟ್ ಹಿಂದಕ್ಕೆ ಸ್ಟಾರ್ಟರಿಗೇ ಹೋಗಬಹುದು.

ಎಲ್ಲ ಜೋಡಿಸಿದ ಮೇಲೆ, ಎಂಜಿನ್ ತಣ್ಣಗಿರುವಾಗ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು, ಕಾರ್ಬುರೇಟರ್ ಕಡೆಯ ಹೋಸನ್ನು ಕ್ಯಾನಿಗೆ ಬಿಟ್ಟು ಒಂದು ನಿಮಿಷ ಪಂಪ್ ಓಡಿಸಿದೆ. ಲೀಟರಿಗೆ ಸ್ವಲ್ಪ ಮೇಲೆ ಬಂತು, ಬೇಕಾದ್ದರ ಎರಡರಷ್ಟು. ಆಮೇಲೆ ಗೇಜ್ ಕೂರಿಸಿ ನೋಡಿದರೆ ಐಡಲ್‌ನಲ್ಲಿ 3 ಪಿಎಸ್‌ಐ. ಏರು ರಸ್ತೆಯಲ್ಲಿ ಪೂರ್ತಿ ಥ್ರಾಟಲ್ ಒತ್ತಿದಾಗ 2.5ಕ್ಕೆ ಇಳಿದು ಅಲ್ಲೇ ನಿಂತಿತು. ರೆಗ್ಯುಲೇಟರ್ ಇವತ್ತಿಗೂ ಹಾಕಿಲ್ಲ. ಪಂಪಿಗೆ ಮೊದಲು ಒರಟು ಫಿಲ್ಟರ್, ನಂತರ ನುಣ್ಣನೆಯದು. ಮೊದಲ ಕೆಲವು ವಾರ ಒರಟು ಫಿಲ್ಟರಿನಲ್ಲಿ ಟ್ಯಾಂಕಿನ ಹಳೇ ಕಸ ಬರುತ್ತಿರುತ್ತದೆ. ಪಾರದರ್ಶಕ ಫಿಲ್ಟರ್ ಹಾಕಿದರೆ ಬಗ್ಗಿ ನೋಡಿದರೆ ಸಾಕು, ಬಿಚ್ಚಬೇಕಿಲ್ಲ.