ಸೊಪ್ಪಿನ ಬಣ್ಣ ನೀರುಪಾಲಾಗದಿರಲಿ

ಕೆಂಪು ದಂಟಿನ ಸೊಪ್ಪನ್ನು ಕುದಿಯುವ ನೀರಿಗೆ ಹಾಕಿದ ಸ್ವಲ್ಪ ಹೊತ್ತಿಗೇ ಪಾತ್ರೆಯ ನೀರು ಕೆಂಪಗಾಗುತ್ತದೆ. ಆ ನೀರನ್ನು ಸಿಂಕಿಗೆ ಬಸಿದುಬಿಟ್ಟರೆ ಬಣ್ಣದ ಜೊತೆಗೆ ಸಿ ಜೀವಸತ್ವ, ಫೋಲೇಟ್ ಮತ್ತು ಪೊಟ್ಯಾಸಿಯಂನ ಒಂದು ಪಾಲೂ ಚರಂಡಿ ಸೇರುತ್ತದೆ. ಬಣ್ಣಬಣ್ಣದ ಹಣ್ಣು, ತರಕಾರಿ ತಿನ್ನಬೇಕೆಂಬ ಸಲಹೆಯನ್ನು ಕೇಳದವರಿಲ್ಲ. ದುಡ್ಡು ಕೊಟ್ಟು ತಂದ ಸತ್ವವನ್ನು ತಟ್ಟೆಯವರೆಗೆ ಉಳಿಸಿಕೊಳ್ಳುವ ಬಗೆಯನ್ನು ಇಲ್ಲಿ ನೋಡೋಣ.

ಮೊದಲು ಪ್ರಮಾಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ, ದಿನಕ್ಕೆ 2000 ಕಿಲೋಕ್ಯಾಲರಿಯ ಊಟದಲ್ಲಿ ಸೊಪ್ಪು, ತರಕಾರಿ 400 ಗ್ರಾಂ ಮತ್ತು ಹಣ್ಣು 100 ಗ್ರಾಂ ಇರಬೇಕು. ವಿಶ್ವ ಆರೋಗ್ಯ ಸಂಸ್ಥೆ ಆಲೂಗಡ್ಡೆಯನ್ನು ತರಕಾರಿಯ ಲೆಕ್ಕಕ್ಕೆ ಹಿಡಿಯುವುದಿಲ್ಲವಾದ್ದರಿಂದ ಮಸಾಲೆ ದೋಸೆಯೊಳಗಿನ ಪಲ್ಯವನ್ನು ಇದರಲ್ಲಿ ಸೇರಿಸಿಕೊಳ್ಳುವಂತಿಲ್ಲ.

ಗಾಂಧಿ ಬಜಾರಾಗಲಿ, ಮನೆ ಹತ್ತಿರದ ಹಾಪ್‌ಕಾಮ್ಸ್ ಮಳಿಗೆಯಾಗಲಿ, ಎರಡು ಮೂರು ದಿನಕ್ಕೆ ಸಾಕಾಗುವಷ್ಟನ್ನೇ ಕೊಳ್ಳಿ. ಸೊಪ್ಪು ಬಾಡಿದಂತೆ ಅದರ ಸಿ ಜೀವಸತ್ವವೂ ಇಳಿಯುತ್ತದೆ. ಹಸಿರು ಹೇಗೂ ಚೀಲದಲ್ಲಿರುತ್ತದೆ, ಅದರ ಜೊತೆ ಒಂದು ಕೆಂಪು, ಒಂದು ಹಳದಿ ಅಥವಾ ಕಿತ್ತಳೆ ಬಣ್ಣದ್ದು, ನೇರಳೆ ಹಣ್ಣಿನ ಕಾಲವಾಗಿದ್ದರೆ ಅದೂ ಇರಲಿ.

ತೊಳೆಯುವುದು ಹೆಚ್ಚುವ ಮೊದಲೇ ಆಗಬೇಕು, ಏಕೆಂದರೆ ಹೆಚ್ಚಿದ ಮೇಲೆ ತೊಳೆದರೆ ಕತ್ತರಿಸಿದ ಅಂಚಿನಿಂದಲೇ ಸತ್ವ ಸೋರಿಹೋಗುತ್ತದೆ. ಅಗಲವಾದ ಬೋಗುಣಿಯಲ್ಲಿ ಸೊಪ್ಪನ್ನು ಮುಳುಗಿಸಿ ಅಲುಗಾಡಿಸಿದರೆ ಮಣ್ಣು ತಳಕ್ಕೆ ಕೂರುತ್ತದೆ. ಆಗ ಸೊಪ್ಪನ್ನು ಕೈಯಿಂದ ಮೇಲೆತ್ತಬೇಕೇ ಹೊರತು ಬೋಗುಣಿಯನ್ನು ಬಗ್ಗಿಸಬಾರದು. ಬಗ್ಗಿಸಿದರೆ ತಳದ ಮಣ್ಣೆಲ್ಲ ಮತ್ತೆ ಎಲೆಯ ಮೇಲೆಯೇ. ತಳದಲ್ಲಿ ಮರಳು ಕಾಣದಾಗುವವರೆಗೆ ನೀರು ಬದಲಿಸಿ.

ಇನ್ನು ಒಲೆಯ ಕೆಲಸ. ಬಣ್ಣಗಳಲ್ಲಿ ನೀರಿಗೆ ಇಳಿಯುವವು ಬೇರೆ, ಎಣ್ಣೆಗೆ ಇಳಿಯುವವು ಬೇರೆ. ಕೆಂಪು ದಂಟು, ಬೀಟ್‌ರೂಟ್‌ಗಳ ಬಣ್ಣ ಮೊದಲನೆಯ ಬಗೆಯದು. ಇದಕ್ಕೆ ನಮ್ಮ ಬಸ್ಸಾರಿಗಿಂತ ಒಳ್ಳೆಯ ಉಪಾಯವನ್ನು ನಾನು ಕಂಡಿಲ್ಲ: ಕಾಳಿನೊಂದಿಗೆ ಸೊಪ್ಪು ಬೇಯಿಸಿ ಬಸಿದ ಕಟ್ಟು ಸಾರಾಗುತ್ತದೆ, ಉಳಿದದ್ದು ಪಲ್ಯವಾಗುತ್ತದೆ, ಹೊರಗೆ ಚೆಲ್ಲುವುದು ಏನೂ ಇಲ್ಲ. ಕ್ಯಾರೆಟ್, ಸಿಹಿಗುಂಬಳ ಮತ್ತು ಹಸಿರು ಸೊಪ್ಪುಗಳಲ್ಲಿರುವ ಬೀಟಾ ಕ್ಯಾರೋಟೀನ್ ಎರಡನೆಯ ಬಗೆಯದು. ಕಣ್ಣಿಗೆ ಬೇಕಾದ ಎ ಜೀವಸತ್ವವಾಗಿ ಮಾರ್ಪಡುವ ಇದನ್ನು ದೇಹ ಹೀರಿಕೊಳ್ಳಲು ಸ್ವಲ್ಪ ಜಿಡ್ಡು ಬೇಕಾದ್ದರಿಂದ, ಒಗ್ಗರಣೆಯ ಎಣ್ಣೆಯನ್ನೂ ತೆಂಗಿನತುರಿಯನ್ನೂ ಪೂರ್ತಿ ಬಿಟ್ಟುಬಿಡುವುದು ಜಾಣತನವಲ್ಲ. ಟೊಮೆಟೊದ ಕೆಂಪಾದ ಲೈಕೋಪೀನ್ ಕೂಡ ಎಣ್ಣೆಯಲ್ಲಿ ಬೆಂದಾಗಲೇ ಹೆಚ್ಚು ದಕ್ಕುತ್ತದೆ, ಆದ್ದರಿಂದ ಹಸಿಯಾಗಿ ತಿಂದರೆ ಮಾತ್ರ ಲಾಭ ಎನ್ನುವವರ ಮಾತಿಗೆ ಗೊಜ್ಜು ಮಾಡುವವರು ಅಂಜಬೇಕಿಲ್ಲ.

ಸಿ ಜೀವಸತ್ವಕ್ಕೆ ಮಾತ್ರ ಬಿಸಿ ಆಗಿಬರುವುದಿಲ್ಲ. ನಿಂಬೆಹಣ್ಣನ್ನು ಪಾತ್ರೆ ಇಳಿಸಿದ ಮೇಲೆ ಹಿಂಡಿ. ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತುವುದಕ್ಕೂ ಅದು ನೆರವಾಗುತ್ತದೆ. ಊಟವಾದ ಕೂಡಲೇ ಕುಡಿಯುವ ಫಿಲ್ಟರ್ ಕಾಫಿ ಇದೇ ಕೆಲಸಕ್ಕೆ ಅಡ್ಡಗಾಲು ಹಾಕುವುದರಿಂದ, ಬೆಂಗಳೂರಿನವರಿಗೆ ಕಷ್ಟವೇ ಆದರೂ, ಒಂದು ಗಂಟೆ ತಡೆಯಬೇಕು.

ಹಣ್ಣನ್ನು ಜ್ಯೂಸ್ ಮಾಡದೆ ಅಗಿದು ತಿನ್ನಿ. ಸೋಸಿದಾಗ ಹೋಗುವ ನಾರೇ ಮಲಬದ್ಧತೆಯನ್ನು ತಡೆಯುವಂಥದ್ದು, ರಕ್ತಕ್ಕೆ ಸಕ್ಕರೆ ಸೇರುವ ವೇಗವನ್ನು ತಗ್ಗಿಸುವಂಥದ್ದು.

ಮೂತ್ರಪಿಂಡದ ಕಾಯಿಲೆಯಿಂದಾಗಿ ಪೊಟ್ಯಾಸಿಯಂ ಕಡಿಮೆ ಮಾಡಬೇಕೆಂದು ವೈದ್ಯರು ಹೇಳಿರುವ ಮನೆಗಳಲ್ಲಿ ಮಾತ್ರ ಈ ಕ್ರಮ ತಲೆಕೆಳಗಾಗುತ್ತದೆ: ಅಂಥವರ ಪಾಲಿನ ತರಕಾರಿಯನ್ನು ಧಾರಾಳ ನೀರಿನಲ್ಲಿ ಬೇಯಿಸಿ, ಉಳಿದವರು ಸಾರಿಗೆಂದು ಎತ್ತಿಡುವ ಅದೇ ಕಟ್ಟನ್ನು ಚೆಲ್ಲಬೇಕಾಗುತ್ತದೆ.