ಪ್ರಿಂಟಿನ ಬಿಳಿ ಮಂಕಾಗುತ್ತಿತ್ತು, ಕಾರಣ ಸಿಕ್ಕಿತು

ಮನೆಯ ಡಾರ್ಕ್‌ರೂಮಿನಲ್ಲಿ (ಫೋಟೊ ತೊಳೆಯುವ ಕತ್ತಲೆ ಕೋಣೆ) ಫಿಲ್ಮ್‌ನಿಂದ ಕಪ್ಪು-ಬಿಳುಪು ಫೋಟೊ ಪ್ರಿಂಟ್ ಹಾಕುವಾಗ ಬಿಳಿ ಇರಬೇಕಾದ ಕಡೆ ಬೂದು ಬರುತ್ತಿತ್ತು. ಡೆವಲಪರ್ (ಚಿತ್ರ ಮೂಡಿಸುವ ದ್ರಾವಣ) ಹೊಸದು, ಪೇಪರ್ ಕೂಡ ಹೊಸದು. ಇನ್ನು ಉಳಿದದ್ದು ಕತ್ತಲೆಯಲ್ಲಿ ಕಣ್ಣು ಕಾಣಲೆಂದು ಹಾಕಿದ ಕೆಂಪು ಬಲ್ಬ್ ತಾನೆ? ಅದನ್ನು ಪರೀಕ್ಷಿಸಲು ಪೇಪರ್ ಮೇಲೆ ನಾಣ್ಯ ಇಟ್ಟು ಸುಮ್ನೆ ಕೆಂಪು ಬೆಳಕಿಗೆ ಬಿಟ್ಟರೆ ಸಾಲದು. ಮೊದಲು ಎನ್‌ಲಾರ್ಜರ್‌ನಿಂದ (ಫಿಲ್ಮ್ ಚಿತ್ರವನ್ನು ದೊಡ್ಡದಾಗಿ ಪೇಪರ್ ಮೇಲೆ ಬೀಳಿಸುವ ಯಂತ್ರ) ತೆಳು ಬೂದು ಬರುವಷ್ಟು ಬೆಳಕು ಕೊಟ್ಟು, ಆಮೇಲೆ ನಾಣ್ಯ ಇಟ್ಟು 5 ನಿಮಿಷ ಬಿಟ್ಟು ಡೆವಲಪ್ ಮಾಡಬೇಕು, ಯಾಕಂದ್ರೆ ಸ್ವಲ್ಪ ಬೆಳಕು ಕಂಡ ಪೇಪರ್‌ಗೆ ಸಣ್ಣ ಸೋರಿಕೆಯೂ ತಾಕುತ್ತದೆ. ನಾಣ್ಯದ ಗುರುತು ಚೆನ್ನಾಗೇ ಮೂಡಿತು, ಅಂದ್ರೆ ನಾಣ್ಯದ ಸುತ್ತಲಿನ ಪೇಪರ್‌ಗೆ ಬಲ್ಬಿನ ಬೆಳಕು ತಾಕಿತ್ತು. ಆ ಬಲ್ಬ್ ಕೆಂಪು ಬಣ್ಣ ಬಳಿದ ಮಾಮೂಲಿ ಬಲ್ಬ್. ಹಸಿರು ಬೆಳಕೂ ಸೋರುತ್ತಿತ್ತು, ಹಸಿರು ಬೆಳಕಿಗೂ ಸ್ಪಂದಿಸುವ ಮಲ್ಟಿಗ್ರೇಡ್ ಪೇಪರ್ ಹಾಳಾಗಲು ಅಷ್ಟು ಸಾಕು. ಡಾರ್ಕ್‌ರೂಮಿಗೆಂದೇ ಮಾಡಿದ ಸೇಫ್‌ಲೈಟ್ (ಪೇಪರ್ ಹಾಳು ಮಾಡದ ದೀಪ) ತಂದು, ಡೆವಲಪರ್ ಟ್ರೇಯಿಂದ 1.2 ಮೀಟರ್ ದೂರದಲ್ಲಿ ಗೋಡೆ ಕಡೆ ತಿರುಗಿಸಿದೆ. ಮರುಪರೀಕ್ಷೆಯಲ್ಲಿ ಗುರುತೇ ಇಲ್ಲ. ಸೇಫ್‌ಲೈಟಿನ ಬಣ್ಣದ ಫಿಲ್ಟರ್ ಹಳೆಯದಾದಂತೆ ಮಾಸುತ್ತದೆ, ಹಾಗಾಗಿ ಆಗಾಗ ಪರೀಕ್ಷಿಸಿ.