ಕೈಪಿಡಿಯಿಂದ ‘ಗೆಟ್ಸ್’ ತೆಗೆದುಹಾಕಿದ ಅನುಭವ

ಧಾರವಾಡದಲ್ಲಿ ಸಿ ಪ್ರೋಗ್ರಾಮಿಂಗ್ ಭಾಷೆಯನ್ನು ಕಲಿಸಲು ನಾನು ಹಿಂದೆ ಸಿದ್ಧಪಡಿಸಿದ್ದ ಕನ್ನಡ ಕೈಪಿಡಿಯಲ್ಲಿ, ಬಳಕೆದಾರರಿಂದ ಹೆಸರು ಪಡೆಯುವ ಪ್ರತಿಯೊಂದು ಉದಾಹರಣೆಯೂ ಟೈಪಿಸಿದ ಒಂದು ಸಾಲನ್ನು ಓದಿಕೊಳ್ಳುವ ‘ಗೆಟ್ಸ್’ (gets) ಫಂಕ್ಷನ್ನನ್ನೇ ಬಳಸುತ್ತಿತ್ತು. ಪ್ರೋಗ್ರಾಮನ್ನು ಯಂತ್ರಭಾಷೆಗೆ ಬದಲಿಸುವ ಹೊಸ ಕಂಪೈಲರ್ ಎಚ್ಚರಿಕೆ ನೀಡಿದಾಗ ವಿದ್ಯಾರ್ಥಿಗಳು ಅದು ತಮ್ಮ ತಪ್ಪೆಂದು ಭಾವಿಸುತ್ತಿದ್ದರು. ತಪ್ಪು ಇದ್ದದ್ದು ನನ್ನ ಪುಟಗಳಲ್ಲಿ.

ಮೆಮೊರಿಯಲ್ಲಿ ಎಷ್ಟು ಜಾಗವಿದೆಯೆಂದು ಗೆಟ್ಸ್‌ಗೆ ತಿಳಿಸುವ ದಾರಿಯೇ ಇಲ್ಲ. ಹತ್ತು ಅಕ್ಷರಗಳ ಜಾಗಕ್ಕೆ ಯಾರಾದರೂ ಊರು, ಮನೆತನಗಳ ಸಮೇತ ಹೆಸರು ಟೈಪಿಸಿದರೆ, ಹೆಚ್ಚಾದದ್ದು ಪಕ್ಕದ ಜಾಗವನ್ನು ಅಳಿಸಿ ಅದರ ಮೇಲೆಯೇ ಬರೆದುಕೊಳ್ಳುತ್ತದೆ. ಇಂಟರ್ನೆಟ್‌ನಲ್ಲಿ ತಾನೇ ತಾನಾಗಿ ಹರಡುವ ಪ್ರೋಗ್ರಾಮ್ ಆಗಿದ್ದ 1988ರ ಮಾರಿಸ್ ವರ್ಮ್ ಹರಡಿದ ದಾರಿಗಳಲ್ಲಿ ಇದೂ ಒಂದಾಗಿತ್ತು. 2011ರ ಸಿ ಮಾನಕದಲ್ಲಿ ಈ ಫಂಕ್ಷನ್ ಇಲ್ಲವೇ ಇಲ್ಲ.

ಮೊದಲು ಎಲ್ಲೆಡೆ ‘ಎಫ್‌ಗೆಟ್ಸ್’ (fgets) ಎಂದು ಬದಲಿಸಿ, ಜಾಗದ ಅಳತೆಯನ್ನೂ ನಮೂದಿಸಿ, ಕೆಲಸ ಮುಗಿಯಿತೆಂದುಕೊಂಡೆ. ಆದರೆ ಹೆಸರುಗಳನ್ನು ಹೋಲಿಸುವ ಪ್ರೋಗ್ರಾಮ್‌ಗಳು ಕೈಕೊಟ್ಟವು, ಏಕೆಂದರೆ ಎಫ್‌ಗೆಟ್ಸ್ ಎಂಟರ್ ಒತ್ತಿದಾಗ ಬರುವ ಹೊಸ ಸಾಲಿನ ಅಕ್ಷರವನ್ನೂ ಹೆಸರಿನೊಂದಿಗೆ ಉಳಿಸಿಕೊಳ್ಳುತ್ತದೆ. ಆ ಅಕ್ಷರವಿರುವ ಸ್ಥಾನವನ್ನು ‘ಎಸ್‌ಟಿಆರ್‌ಸಿಎಸ್‌ಪಿಎನ್’ (strcspn) ಫಂಕ್ಷನ್ ಮೂಲಕ ಹುಡುಕಿ, ಅಲ್ಲಿ ಹೆಸರಿನ ಕೊನೆಯನ್ನು ಸೂಚಿಸುವ ಸೊನ್ನೆಯನ್ನು ಇರಿಸುವ ಒಂದು ಸಾಲನ್ನು ಪ್ರತಿ ಉದಾಹರಣೆಗೂ ಸೇರಿಸಿದ ಮೇಲೆ ಎಲ್ಲವೂ ಸರಿಹೋಯಿತು.

ಹಳೆಯ ಸಾಲುಗಳನ್ನು ಅಡಿಟಿಪ್ಪಣಿಯಲ್ಲಿಯೂ ಉಳಿಸಲಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಓದುವವರು ಬರೆದುಕೊಳ್ಳುವುದು ಅತ್ಯಂತ ಚಿಕ್ಕ ಸಾಲನ್ನೇ.